ಸಿಲ್ವೆಸ್ಟರನ ಪತಂಗದ ಊರು

ಸಿಲ್ವೆಸ್ಟರ್ ಮಿರಾಂಡ ಇಪ್ಪತ್ತೆರಡು ವರ್ಷ ಹುಳ ಕೊಲ್ಲುವ ಕೆಲಸ ಮಾಡಿದ. ಬಹರೇನಿನ ಹಿದ್ ಬಂದರಿನ ಹಿಂಬದಿಯಲ್ಲಿರುವ ನಮ್ಮ ಗೋದಾಮಿಗೆ ಮರ, ಗೋಣಿ, ಬಿದಿರಿನ ಕುರ್ಚಿ ಎಂದು ಏನೇ ಬರಲಿ, ಹುಳದ ಅನುಮಾನವಿದ್ದರೆ ಅವನನ್ನು ಕರೆಯುತ್ತಿದ್ದರು. ಕಂಟೇನರಿನ ಬಾಗಿಲ ಸಂದಿಗೆಲ್ಲ ಟೇಪು ಹಚ್ಚಿ, ಒಳಗೆ ವಿಷದ ಗ್ಯಾಸ್ ಬಿಟ್ಟು, ತಲೆಬುರುಡೆಯ ಸ್ಟಿಕ್ಕರ್ ಅಂಟಿಸಿ ಎರಡು ದಿನ ಕಾಯುವುದು. ಮೂರನೆಯ ದಿನ ಬೆಳಿಗ್ಗೆ ಮುಖವಾಡ ಹಾಕಿಕೊಂಡು ಬಾಗಿಲು ತೆರೆಯುವುದು. ಆ ಮುಖವಾಡದ ಗುರುತು ರಜೆಯ ದಿನ ಶುಕ್ರವಾರ ಇಗರ್ಜಿಯ ಪೂಜೆಗೆ ಹೋಗುವಾಗಲೂ ಕೆನ್ನೆಯಲ್ಲಿ ಹಾಗೇ ಇರುತ್ತದೆ ಎಂದು ಅವನ ಹೆಂಡತಿ ವಾಯೊಲೆಟ್ ಗೊಣಗುತ್ತಿದ್ದಳು.

ನಾನು ಆಶಾಲತಾ, ಅದೇ ಕಂಪನಿಯ ಆಫೀಸಿನಲ್ಲಿ ಕಾಗದಪತ್ರ ನೋಡುವವಳು. ಮಾಲು ಒಳಗೆ ಬರಲಿ, ಹೊರಗೆ ಹೋಗಲಿ, ನನ್ನ ಮೇಜು ದಾಟದೆ ಆಗುವುದಿಲ್ಲ. ನನ್ನ ಬಾಯಿ ಜೋರು ಎಂದು ಇಡೀ ಗೋದಾಮಿಗೆ ಗೊತ್ತು. ಸಿಲ್ವೆಸ್ಟರನ ಬದುಕಿನಲ್ಲಿ ಈ ಬಾಯಿ ಎರಡು ಸಲ ಅವಸರದ ಮಾತು ಆಡಿತು. ಅದನ್ನು ಒಪ್ಪಿಕೊಳ್ಳದೆ ಅವನ ಕಥೆ ಹೇಳಲು ನನಗೆ ಬರುವುದಿಲ್ಲ.

ಅವನು ಹೊನ್ನಾವರದವನು. ಅಲ್ಲಿಯ ಕಾಲೇಜಿನಲ್ಲಿ ಬಿಎಸ್ಸಿ ಎರಡನೆಯ ವರ್ಷದವರೆಗೆ ಓದಿ, ಬಹರೇನಿನ ವೀಸಾ ಬಂತೆಂದು ಬಿಟ್ಟು ಬಂದ. ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸರೋಜಿನಿ ಮೇಡಂ ಆಗಿನ್ನೂ ನಲವತ್ತರ ಆಸುಪಾಸಿನವರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಗರನ್ನು ಹುಳ ಹಿಡಿಯಲು ಗುಡ್ಡ ಹತ್ತಿಸುತ್ತಿದ್ದರಂತೆ. ಹಿಡಿದ ಹುಳವನ್ನು ಸೂಜಿಗೆ ಚುಚ್ಚಿ, ಕೆಳಗೊಂದು ಚೀಟಿ ಹಾಕಬೇಕು. ಯಾವ ಊರು, ಯಾವ ದಿನ, ಯಾರು ಹಿಡಿದದ್ದು. ಚೀಟಿ ಇಲ್ಲದ ಹುಳವನ್ನು ಮೇಡಂ ಎಲ್ಲರ ಎದುರೇ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅವನ ಒಂದು ಚಂದದ ಜೀರುಂಡೆಯನ್ನು ಹಾಗೆ ಬಿಸಾಡಿದ್ದರಂತೆ. ಅದನ್ನು ಹೇಳುವಾಗ ಐವತ್ತು ದಾಟಿದ ಈ ಗಂಡಸಿನ ಮುಖ ಈಗಲೂ ಸಣ್ಣದಾಗುತ್ತಿತ್ತು.

ಡಿಗ್ರಿ ಹೋಯಿತು, ಚಟ ಹೋಗಲಿಲ್ಲ. ಗ್ಯಾಸ್ ಬಿಟ್ಟ ಕಂಟೇನರ್ ಗುಡಿಸುವಾಗ ಸಿಕ್ಕಿದ ಹುಳಗಳಲ್ಲಿ ಅಪರೂಪದ್ದು ಕಂಡರೆ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದ. ಎಸಿ ಪ್ಯಾಕಿಂಗಿನ ಥರ್ಮೋಕೋಲ್, ವಾಯೊಲೆಟಳ ಹೊಲಿಗೆ ಪೆಟ್ಟಿಗೆಯ ಸೂಜಿ, ನುಸಿಗುಳಿಗೆ, ಇಷ್ಟೇ ಅವನ ಸಾಮಾನು. ಗೋದಾಮಿನ ಲೋಡರುಗಳು ಅವನನ್ನು 'ಕೀಡಾ ಸಾಬ್' ಎನ್ನುತ್ತಿದ್ದರು. ನಾನು ಅದಕ್ಕಿಂತ ಕೆಟ್ಟದ್ದನ್ನೂ ಎಂದಿದ್ದೇನೆ.

ಎರಡು ಸಾವಿರದ ಹದಿನಾರನೆಯ ಇಸವಿಯ ಮಾರ್ಚಿನಲ್ಲಿ ಆಫ್ರಿಕಾದಿಂದ ಒಂದು ಕಂಟೇನರ್ ಬಂತು. ಯಾವುದೋ ಹೋಟೆಲಿನ ಉದ್ದನೆಯ ಮೇಜುಗಳಿಗಾಗಿ ತೊಗಟೆ ಸಮೇತ ಕೊಯ್ದ ದಪ್ಪ ಹಲಗೆಗಳು. ಸಿಲ್ವೆಸ್ಟರ್ ಮಾಮೂಲಿನಂತೆ ಗ್ಯಾಸ್ ಬಿಟ್ಟ. ಮೂರನೆಯ ದಿನ ಬಾಗಿಲು ತೆರೆದರೆ ನೆಲದ ಮೇಲೆ ಆರು ಪತಂಗಗಳು ಬಿದ್ದಿದ್ದವು. ಮರದೊಳಗೆ ಹುಳವಾಗಿ ಕೂತು ಹಡಗಿನಲ್ಲಿ ಬಂದವು, ಇಲ್ಲಿಗೆ ತಲುಪುವ ಹೊತ್ತಿಗೆ ರೆಕ್ಕೆ ಬಂದು ಹೊರಗೆ ಬಿದ್ದಿದ್ದವು. ಎರಡರ ರೆಕ್ಕೆ ಹರಿದಿತ್ತು. ನಾಲ್ಕು ಸರಿಯಾಗಿದ್ದವು.

ಅವನು ಡಬ್ಬಿ ಹಿಡಿದುಕೊಂಡು ಸೀದಾ ನನ್ನ ಮೇಜಿಗೆ ಬಂದ. ಮುಚ್ಚಳ ತೆಗೆದ. ನಾನು ಮಧ್ಯಾಹ್ನದ ಊಟ ಮಾಡುತ್ತಿದ್ದೆ.

"ನೋಡಿ ಆಶಕ್ಕ, ಮೀಸೆ ನೋಡಿ. ಬುಡದಲ್ಲಿ ಬಾಚಣಿಗೆ ಹಾಗೆ ಉಂಟು, ಅರ್ಧದಿಂದ ಮೇಲೆ ಬರೀ ನೂಲು. ಇದಕ್ಕೆ ಬಾಯಿಯೇ ಇಲ್ಲ. ಊಟ ಮಾಡೂದಿಲ್ಲ. ಹುಳ ಆಗಿದ್ದಾಗ ತಿಂದದ್ದರಲ್ಲೇ ನಾಲ್ಕು ದಿನ ಬದುಕೂದು."

"ನಂಗೆ ಬಾಯಿ ಉಂಟು, ಊಟ ಮಾಡ್ಲಿಕ್ಕೆ ಬಿಡ್ತೀಯಾ?"

ಅವನು ನಗಲೂ ಇಲ್ಲ. "ಈ ಮರ ಎಲ್ಲಿಂದ ಬಂದದ್ದು, ಸ್ವಲ್ಪ ನೋಡಿ ಹೇಳಿ. ಚೀಟಿ ಬರೀಲಿಕ್ಕುಂಟು."

ಫೈಲು ಎದುರಿಗೇ ಇತ್ತು. ಮೇಲಿನ ಹಾಳೆ ಹಡಗಿನ ಬಿಲ್ಲು. ಅದರಲ್ಲಿ ಮಾಲು ಹತ್ತಿಸಿದ ಬಂದರು ಡೂವಾಲಾ, ಕ್ಯಾಮರೂನ್ ಎಂದಿತ್ತು. ನಮ್ಮ ದಂಧೆಯಲ್ಲಿ ಮಾಲಿನ ಊರು ಎಂದರೆ ಮಾಲು ಹಡಗು ಹತ್ತಿದ ಊರೇ. ಯಾರು ಕೇಳಿದರೂ ಅದನ್ನೇ ಹೇಳುತ್ತೇವೆ, ಎಲ್ಲ ಕಡೆಯೂ ಅದನ್ನೇ ಬರೆಯುತ್ತೇವೆ. ಮರ ಯಾವ ಕಾಡಿನದು ಎಂದು ಬರೆದ ಸಸ್ಯ ತಪಾಸಣೆಯ ಪತ್ರವೂ ಅದೇ ಫೈಲಿನಲ್ಲಿ ನಾಲ್ಕು ಹಾಳೆ ಕೆಳಗೆ ಇತ್ತು. ಎಡಗೈಯಲ್ಲಿ ಮಗುಚಿದರೆ ಸಿಗುತ್ತಿತ್ತು. ನನ್ನ ಬಲಗೈ ಅನ್ನದಲ್ಲಿತ್ತು, ಎಡಗೈಯಲ್ಲಿ ಫೋನಿತ್ತು.

"ಡೂವಾಲಾ," ಎಂದೆ. "ಬರ್ಕೊ, ಡಬ್ಬಿ ಮುಚ್ಚು, ಹೋಗು."

ಅವನು ಬರೆದುಕೊಂಡ. ಇದು ನನ್ನ ಮೊದಲನೆಯ ಮಾತು.

ಮೇ ತಿಂಗಳ ರಜೆಯಲ್ಲಿ ಅವನು ಆ ಪತಂಗಗಳನ್ನು ಊರಿಗೆ ಒಯ್ದ. ಸರೋಜಿನಿ ಮೇಡಂ ಅಷ್ಟರಲ್ಲಿ ನಿವೃತ್ತರಾಗಿ ಕುಮಟಾದಲ್ಲಿ ಒಬ್ಬರೇ ಇದ್ದರು. ಮರ ಕೊರೆಯುವ ಪತಂಗಗಳ ಬಗ್ಗೆ ಮೂವತ್ತು ವರ್ಷ ಓದಿದವರು. ಆ ವಿಷಯದಲ್ಲಿ ಯುರೋಪಿನ ಒಂದು ಮ್ಯೂಸಿಯಮ್ಮಿನವರೂ ಅವರಿಗೆ ಪತ್ರ ಬರೆದು ಕೇಳುತ್ತಿದ್ದರಂತೆ. ಅವರು ಡಬ್ಬಿ ತೆರೆದು ಮೊದಲು ಓದಿದ್ದು ಚೀಟಿಯನ್ನು. "ಪರವಾಗಿಲ್ಲ, ಕಲ್ಸಿದ್ದು ಮರೀಲಿಲ್ಲ ನೀನು," ಎಂದರಂತೆ. ಆ ಮಾತನ್ನು ಅವನು ಹಿಂತಿರುಗಿ ಬಂದು ನನಗೆ ಹನ್ನೆರಡು ಸಲವಾದರೂ ಹೇಳಿರಬೇಕು.

ಆ ಪತಂಗ ಅಲ್ಲಿಯವರೆಗೆ ಯಾರೂ ಹೆಸರಿಡದ ಹೊಸ ಜಾತಿ. ಹೊಸ ಜೀವಿಯನ್ನು ಲೋಕಕ್ಕೆ ವಿವರಿಸುವುದು ಎಂದರೆ ಎಂಥ ಕೆಲಸ ಎಂದು ನನಗೆ ಗೊತ್ತಾದದ್ದು ಅವನಿಂದಲೇ. ಮೇಡಂ ಒಂದು ಗಂಡಿನ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ನೀರಿನಲ್ಲಿ ಮೆದು ಮಾಡಿ, ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ಬರೆದರು. ರೆಕ್ಕೆಯ ಪ್ರತಿ ನರವನ್ನು ಅಳೆದರು. ಆಫ್ರಿಕಾದ ಅದರ ನೆಂಟರ ಚಿತ್ರಗಳನ್ನೆಲ್ಲ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಇದಕ್ಕೆ ಎರಡು ವರ್ಷ ಹಿಡಿಯಿತು. ಹದಿನೆಂಟರ ಕೊನೆಗೆ ಲೇಖನ ಅಚ್ಚಾಯಿತು. ನಾಲ್ಕರಲ್ಲಿ ಅತಿ ಚೆನ್ನಾಗಿದ್ದ ಒಂದು ಪತಂಗ ಆ ಜಾತಿಯ ಮೂಲ ಮಾದರಿ ಎಂದು ಮ್ಯೂಸಿಯಂ ಸೇರಿತು. ಹೆಸರಿನ ಮೊದಲ ಭಾಗ ನನ್ನ ನಾಲಗೆಗೆ ಒಗ್ಗುವಂಥದ್ದಲ್ಲ. ಎರಡನೆಯ ಭಾಗ 'ಸಿಲ್ವೆಸ್ಟರಿ'.

ಅವನ ಸಂಭ್ರಮ ನೋಡಿ ನಾನು ತಮಾಷೆ ಮಾಡಿದೆ, ಆದರೆ ಒಳಗೆ ಅರ್ಥವಾಗುತ್ತಿತ್ತು. ಅವನು ಅಷ್ಟು ವರ್ಷ ಬಿಟ್ಟ ಗ್ಯಾಸಿಗೆಲ್ಲ ಸರ್ಟಿಫಿಕೇಟಿನ ಮೇಲೆ ಸಹಿ ಲೈಸೆನ್ಸ್ ಇದ್ದ ಮ್ಯಾನೇಜರನದು. ಡಿಗ್ರಿ ಸರ್ಟಿಫಿಕೇಟ್ ಇಲ್ಲ. ಇದೊಂದು ಕಾಗದದ ಮೇಲೆ ಅವನ ಹೆಸರಿತ್ತು. ಅದೂ ಲ್ಯಾಟಿನಿನಲ್ಲಿ. "ನಮ್ಮ ಪಾದ್ರಿಗಳಿಗೂ ಇದು ಸಿಕ್ಕಿಲ್ಲ," ಎಂದು ವಾಯೊಲೆಟ್ ಲೇಖನದ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ಏಸುವಿನ ಪಟದ ಪಕ್ಕ ತೂಗುಹಾಕಬೇಕೆಂದು ಹಟ ಹಿಡಿದಳು.

ಚೌಕಟ್ಟು ಹಾಕಿಸಲು ಹೋದದ್ದು ಟುಬ್ಲಿಗೆ. ಅಲ್ಲಿ ಅಬ್ದುಲ್ ಲತೀಫ್ ಎಂಬ ಬ್ಯಾರಿ ಮೇಸ್ತ್ರಿಯ ಪೀಠೋಪಕರಣದ ವರ್ಕ್‌ಶಾಪ್ ಇದೆ. ಹೋಟೆಲಿನ ಆ ಮೇಜುಗಳನ್ನು ಮಾಡಿದವನೂ ಅವನೇ. ವಾಯೊಲೆಟ್ ಚೌಕಟ್ಟಿನ ಬಣ್ಣ ಆರಿಸುತ್ತಿದ್ದಳು. ಲತೀಫ್ ಸಿಲ್ವೆಸ್ಟರನಿಗೆ ಕೂರಲು ಒಂದು ಮರದ ತುಂಡು ತಳ್ಳಿದ. ಹಲಗೆಯ ಕೊಯ್ದ ತುದಿ ಅದು, ಎರಡು ವರ್ಷದಿಂದ ವರ್ಕ್‌ಶಾಪಿನಲ್ಲಿ ಕುರ್ಚಿಯಾಗಿತ್ತು. ಸಿಲ್ವೆಸ್ಟರ್ ಕೂರುವ ಮೊದಲು ಬಗ್ಗಿ ನೋಡಿದ. ತೊಗಟೆಯಲ್ಲಿ ಬೆರಳು ಹೋಗುವಷ್ಟು ತೂತು. ತೂತಿನ ಬಾಯಲ್ಲಿ ಕಂದು ಬಣ್ಣದ ಒಣ ಕವಚ, ಪತಂಗ ಹೊರಬರುವಾಗ ಬಿಟ್ಟು ಹೋದದ್ದು, ಇನ್ನೂ ಸಿಕ್ಕಿಕೊಂಡಿತ್ತು. ಅವನ ಪತಂಗದ್ದೇ. ಮರದ ಕೊಯ್ದ ಮುಖದ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ, ಅಂಕಿ. ಮರ ಕಡಿದ ಕಡೆಯಲ್ಲೇ ಹಾಕುವ ಗುರುತು ಅದು.

ಅವನು ಫೋಟೊ ತೆಗೆದುಕೊಂಡ. ಮಾರನೆಯ ದಿನ ನನ್ನ ಹತ್ತಿರ ಬಂದು ಆ ಹಳೆ ಕಂಟೇನರಿನ ಫೈಲು ಕೇಳಿದ. ನಾನು ಬೈದುಕೊಂಡೇ ಹುಡುಕಿ ಕೊಟ್ಟೆ. ಅವನು ಹಾಳೆ ಮಗುಚುತ್ತಾ ಹೋಗಿ ಐದನೆಯದರಲ್ಲಿ ನಿಂತ. ಅದೇ ಅಂಕಿ, ಅದೇ ಅಕ್ಷರ. ಮರ ಕಡಿದದ್ದು ಕ್ಯಾಮರೂನಿನಲ್ಲೇ ಅಲ್ಲ. ಕಾಂಗೋ ದೇಶದ ಉತ್ತರದ ತುದಿ, ಸಂಗಾ ಜಿಲ್ಲೆ. ಅಲ್ಲಿಂದ ಲಾರಿಯಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಡೂವಾಲಾದಲ್ಲಿ ಹಡಗು ಹತ್ತಿದ್ದು.

ಇದನ್ನೆಲ್ಲ ಅವನು ಆಗ ನನಗೆ ಹೇಳಲಿಲ್ಲ. ಕರಕ್ ಚಹಾದ ಪೇಪರ್ ಕಪ್ಪನ್ನು ಬೆರಳಲ್ಲಿ ತಿರುಗಿಸುತ್ತಾ, ಎಲ್ಲಿಯದೋ ವಿಷಯ ಎಂಬಂತೆ ಕೇಳಿದ್ದು ಇಷ್ಟೇ:

"ಆಶಕ್ಕ, ಒಂದು ಪೇಪರಲ್ಲಿ ಒರಿಜಿನ್ ತಪ್ಪು ಬರ್ದಿದ್ರೆ, ಎಲ್ಲಾ ಪಾಸ್ ಆದ್ಮೇಲೆ ಗೊತ್ತಾದ್ರೆ, ಎಂತ ಆಗ್ತದೆ?"

"ಎಂತ ಆಗೂದು? ಪೇಪರ್ ಕ್ಯಾನ್ಸಲ್. ಅದ್ರ ಮೇಲೆ ಎಂತೆಲ್ಲ ಆಗಿದ್ಯೋ ಎಲ್ಲ ಕ್ಯಾನ್ಸಲ್. ಖಲಾಸ್. ಹಳೆ ಫೈಲ್ ಕೆದಕ್ಬೇಡ, ಎಲ್ಲಿತ್ತೋ ಅಲ್ಲೇ ಇಡು."

ನಮ್ಮ ಕಸ್ಟಮ್ಸಿನ ಮಟ್ಟಿಗೆ ನಾನು ಹೇಳಿದ್ದು ನೂರಕ್ಕೆ ನೂರು ನಿಜ. ಅವನು ತಲೆ ಆಡಿಸಿದ. ಫೈಲನ್ನು ಎರಡೂ ಕೈಯಲ್ಲಿ ಹಿಡಿದು, ಹಾಳೆಗಳ ಅಂಚು ಸರಿ ಮಾಡಿ, ಕಪಾಟಿನಲ್ಲಿ ಇಟ್ಟ. ಯಾಕೆ ಕೇಳುತ್ತೀಯ ಎಂದು ನಾನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಾಗಿಲಲ್ಲಿ ಡ್ರೈವರುಗಳು ಸಾಲು ನಿಂತಿದ್ದರು. ಇದು ನನ್ನ ಎರಡನೆಯ ಮಾತು.

ಚೌಕಟ್ಟು ಗೋಡೆಗೆ ಬಂತು. ನಾವೆಲ್ಲ ಅವನ ಮನೆಗೆ ಊಟಕ್ಕೆ ಹೋಗಿ ಅದರ ಎದುರು ಫೋಟೊ ತೆಗೆಸಿಕೊಂಡೆವು. ಆ ಫೋಟೊಗಳಲ್ಲಿ ಅವನೊಬ್ಬನೇ ನಗುತ್ತಿಲ್ಲ. ವಾಯೊಲೆಟ್ ಹಂದಿಮಾಂಸಕ್ಕೆ ಉಪ್ಪು ಜಾಸ್ತಿಯಾಯಿತೆಂದು ಅವನ ಮುಖ ಹಾಗಾಗಿದೆ ಅಂದುಕೊಂಡಳಂತೆ.

ಆ ಲೇಖನದಲ್ಲಿ ಒಂದು ಚಿಕ್ಕ ಸಾಲಿತ್ತು. ಗಂಡಿನ ವಿವರಣೆ ಎರಡು ಪುಟ ನಡೆದ ಮೇಲೆ, 'ಹೆಣ್ಣು: ತಿಳಿದಿಲ್ಲ' ಎಂದು. ಸಿಕ್ಕಿದ ಆರೂ ಗಂಡುಗಳೇ. ಮೇಡಮ್ಮಿಗೆ ಆ ಸಾಲು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಆಯಿತು. ಹೆಣ್ಣನ್ನು ನೋಡದೆ ತನ್ನ ಕೆಲಸ ಮುಗಿಯುವುದಿಲ್ಲ ಎನ್ನುತ್ತಿದ್ದರು. ಹತ್ತೊಂಬತ್ತರಲ್ಲಿ ಮ್ಯೂಸಿಯಮ್ಮಿನವರ ಒಂದು ತಂಡ ಕ್ಯಾಮರೂನಿಗೆ ಹೊರಟಿತು, ಇವರನ್ನೂ ಕರೆಯಿತು. ವಯಸ್ಸು ಅರವತ್ತೊಂಬತ್ತು, ಮಂಡಿ ನೋವು, ಸಕ್ಕರೆ ಕಾಯಿಲೆ. ಹೊರಟೇ ಬಿಟ್ಟರು.

ಹೊರಡುವ ಮೊದಲು ಸಿಲ್ವೆಸ್ಟರನಿಗೆ ಫೋನ್ ಮಾಡಿದರು. ಅವನು ಸಿತ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಕಂಪನಿ ಬಸ್ಸಿಗೆ ಕಾಯುತ್ತಿದ್ದನಂತೆ.

"ಒಂದು ಡೌಟು ಮಾರಾಯ. ಡೂವಾಲಾ ಅಂದ್ರೆ ಬಂದರಲ್ವಾ? ಮರ ಅಲ್ಲೇ ಹತ್ರದ ಕಾಡಿಂದೇ ತಾನೆ?"

ಅವನ ಜೇಬಿನ ಫೋನಿನಲ್ಲಿ ಆ ಬಿಳಿ ಅಕ್ಷರಗಳ ಫೋಟೊ ಇತ್ತು. ಅದೇ ಫೋನನ್ನು ಕಿವಿಗೆ ಹಿಡಿದು ನಿಂತಿದ್ದ. ಬಸ್ಸು ಬಂತು. ಅವನು "ಹೌದು ಮೇಡಂ" ಎಂದ.

ಆ ಎರಡು ಶಬ್ದವನ್ನು ನಾನು ಅವನ ಪರವಾಗಿ ಸಮರ್ಥಿಸಲಾರೆ. ಅವನು ಕೆಟ್ಟವನಲ್ಲ. ಮೇಡಂ ಎದುರು ಅವನಿಗೆ ಇಂದಿಗೂ ಹತ್ತೊಂಬತ್ತು ವರ್ಷ. ಊರು ತಪ್ಪು ಎಂದರೆ ಪತಂಗವೂ ಹೆಸರೂ ಒಟ್ಟಿಗೆ ಬುಟ್ಟಿಗೆ ಹೋಗುತ್ತವೆ ಎಂದು ಅವನು ನಿಜವಾಗಿ ನಂಬಿದ್ದ. ಹಾಗೆ ನಂಬಿಸಿದ್ದು ನಾನು. ಆದರೂ ಒಬ್ಬ ಮುದುಕಿಯನ್ನು ತಪ್ಪು ಕಾಡಿಗೆ ಕಳಿಸಿದ್ದು ಕಳಿಸಿದ್ದೇ.

ಮೇಡಂ ಇಪ್ಪತ್ತಾರು ದಿನ ಡೂವಾಲಾದ ಸುತ್ತಿನ ಕಾಡುಗಳಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ ಕಾದರು. ನೂರಾರು ಬಗೆಯ ಪತಂಗಗಳು ಬಂದು ಕೂತವಂತೆ, ಇದೊಂದು ಬರಲಿಲ್ಲ. ಜ್ವರ ಹಿಡಿದು ವಾಪಸಾದರು. ಹುಡುಕಿ ಸಿಗಲಿಲ್ಲ, ಆ ಭಾಗದಲ್ಲಿ ಅಳಿದಿರಬಹುದು ಎಂದು ಒಂದು ಚಿಕ್ಕ ಟಿಪ್ಪಣಿ ಬರೆದರು. ಅದರ ಪ್ರತಿ ಸಿಲ್ವೆಸ್ಟರನಿಗೂ ಬಂತು. ಅದಕ್ಕೆ ಅವನು ಚೌಕಟ್ಟು ಹಾಕಿಸಲಿಲ್ಲ.

ಆಮೇಲೆ ಕೊರೊನಾ ಬಂತು, ವಿಮಾನಗಳು ನಿಂತವು. ಆ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಮೇಡಮ್ಮಿನ ಕಣ್ಣಿಗೆ ಇಳಿಯಿತು. ಮೊದಲು ಸೂಕ್ಷ್ಮದರ್ಶಕ ಬಿಟ್ಟರು, ಆಮೇಲೆ ಓದುವುದು, ಆಮೇಲೆ ಒಬ್ಬರೇ ಅಂಗಳಕ್ಕೆ ಇಳಿಯುವುದು. ಸಿಲ್ವೆಸ್ಟರ್ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಕಣ್ಣು ಹೇಗಿದೆ ಎಂದು ಕೇಳಿ, ಉಳಿದದ್ದು ಹೇಳದೆ ಇಡುತ್ತಿದ್ದ.

ಇಪ್ಪತ್ತಮೂರರ ಮಾರ್ಚಿನ ಒಂದು ಬೆಳಿಗ್ಗೆ ಅವನು ನನ್ನ ಆಫೀಸಿಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಚಹಾ ತರಿಸಿದರೆ ಮುಟ್ಟಲಿಲ್ಲ. ಕೆನ್ನೆಯ ಮೇಲೆ ಮುಖವಾಡದ ಗುರುತು ಕೆಂಪಗಿತ್ತು.

"ನಿನ್ನೆ ಮೇಡಂ ಮಾತಾಡಿದ್ರು," ಎಂದ. "ಕ್ಯಾಮರೂನಲ್ಲಿ ನಾನು ಸರಿಯಾಗಿ ಹುಡ್ಕಲಿಲ್ವಾ ಏನೋ, ನನ್ನ ಕಣ್ಣು ಆಗ್ಲೇ ಮಂಜಾಗಿತ್ತೋ ಏನೋ, ಬಟ್ಟೆ ಮೇಲೆ ಬಂದು ಕೂತದ್ದು ನಂಗೇ ಕಾಣ್ಲಿಲ್ವೋ ಏನೋ ಅಂತ ಹೇಳಿ ಅತ್ರು. ಅವ್ರು ಅಳೂದು ನಾನು ಯಾವತ್ತೂ ಕೇಳಿರ್ಲಿಲ್ಲ ಆಶಕ್ಕ."

ಆಮೇಲೆ ಎಲ್ಲ ಹೇಳಿದ. ಟುಬ್ಲಿಯ ಮರದ ತುಂಡು, ಐದನೆಯ ಹಾಳೆ, ಸಿತ್ರಾದ ಬಸ್ಸು. ನಾನು ಕೇಳುತ್ತಾ ಕೇಳುತ್ತಾ ಕೆಂಡವಾದೆ.

"ನಾಲ್ಕು ವರ್ಷ! ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ಕೂತಿದ್ಯಲ್ಲ, ನಿಂಗೆ ಬುದ್ಧಿ ಉಂಟಾ? ನಂಗಾದ್ರೂ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?"

ಅವನು ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟು ಇರಲಿಲ್ಲ.

"ನಿಮ್ಮತ್ರವೇ ಕೇಳಿದ್ದಲ್ವಾ ಆಶಕ್ಕ."

ನಾನು ಕಪಾಟಿನ ಕಡೆ ನೋಡಿದೆ. ಹಳೆ ಫೈಲುಗಳನ್ನು ಕಂಪನಿ ಹಿಂದಿನ ವರ್ಷವೇ ಬೇರೆ ಕಡೆ ಸಾಗಿಸಿತ್ತು. ಅನ್ನದ ಕೈ, ಫೋನಿನ ಕೈ, ಎಲ್ಲವೂ ಒಟ್ಟಿಗೆ ನೆನಪಾದವು. ಕೊನೆಗೆ ನಾನೇ ಅವನ ಫೋನ್ ತೆಗೆದು ಕೈಗೆ ಕೊಟ್ಟೆ. "ಈಗಲೇ ಮಾಡು. ನಾನು ಇಲ್ಲೇ ಇದ್ದೇನೆ."

ಮೇಡಂ ಎತ್ತಿದರು. ಅವನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಎರಡು ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡು, ತಪ್ಪು ಮಾಡಿದ ವಿದ್ಯಾರ್ಥಿಯ ಸ್ವರದಲ್ಲಿ ಹೇಳಿದ. ಹೊನ್ನಾವರದ ಗುಡ್ಡದ ಜೀರುಂಡೆಯಿಂದ ಶುರು ಮಾಡಿದ, ಪೆದ್ದ. ಊರು ತಪ್ಪಿದರೆ ಹೆಸರು ಕ್ಯಾನ್ಸಲ್ ಆಗುತ್ತದೆಂದು ಹೆದರಿದೆ ಎಂದು ಮುಗಿಸಿದ.



"ಕ್ಯಾನ್ಸಲ್ ಅಂತ ನಿಂಗೆ ಯಾರು ಹೇಳಿದ್ದು?" ಎಂದರು ಮೇಡಂ.

ಅವನು ನನ್ನ ಹೆಸರು ಹೇಳಲಿಲ್ಲ. "ನಮ್ಮ ಬಂದರಲ್ಲಿ ಹಾಗೆ ಮೇಡಂ," ಎಂದ.

"ಇದು ಬಂದರಲ್ಲ. ಒಮ್ಮೆ ಇಟ್ಟ ಹೆಸರು ಹೋಗೂದಿಲ್ಲ. ಊರು ತಪ್ಪಿದ್ರೆ ತಿದ್ದುಪಡಿ ಹಾಕ್ತೇವೆ. ಎರಡು ಸಾಲು. ನಾನೇ ನನ್ನ ತಪ್ಪಿಗೆ ಎಷ್ಟು ಸಲ ಹಾಕಿದ್ದೇನೆ. ಎರಡು ಸಾಲಿನ ಕೆಲ್ಸ ಇತ್ತು ಸಿಲ್ವೆಸ್ಟರ್. ಆಗ ನಂಗೆ ಕಣ್ಣಿತ್ತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಿಲ್ಲೆಯ ಹೆಸರು ಇನ್ನೊಮ್ಮೆ ಹೇಳು ಎಂದು ಕೇಳಿ, ಬರೆದುಕೊಳ್ಳಲು ಯಾರನ್ನೋ ಕರೆದು, ಫೋನಿಟ್ಟರು. ಸಿಲ್ವೆಸ್ಟರ್ ಎದ್ದು ಹೋಗಿ ಅಂದಿನ ಕಂಟೇನರಿಗೆ ಟೇಪು ಹಚ್ಚಿದ. ನಾನು ಶೌಚಾಲಯಕ್ಕೆ ಹೋಗಿ ಅತ್ತೆ, ಯಾಕೆ ಮುಚ್ಚಿಡಲಿ.

ತಿದ್ದುಪಡಿ ಆ ವರ್ಷವೇ ಅಚ್ಚಾಯಿತು. ನಿಜಕ್ಕೂ ಎರಡೇ ಸಾಲು. ಹೆಸರು ಹಾಗೇ ಇತ್ತು. ಮೇಡಮ್ಮಿನ ಕೊನೆಯ ಶಿಷ್ಯೆ ಅನಿಷಾ ಎಂಬವಳು ಇಪ್ಪತ್ನಾಲ್ಕರಲ್ಲಿ ಕಾಂಗೋದ ಆ ಜಿಲ್ಲೆಗೆ ಹೋದಳು. ಮೇಡಂ ಇಪ್ಪತ್ತಾರು ದಿನ ಕಾದಿದ್ದರಲ್ಲ, ಇವಳಿಗೆ ಮೂರನೆಯ ದಿನವೇ ಸಿಕ್ಕಿತು. ಒಂದು ಹೆಣ್ಣು. ಚುಚ್ಚಿ, ಚೀಟಿ ಹಾಕಿ, ಮೇಲಿಂದ, ಕೆಳಗಿಂದ, ಚೀಟಿಯದು ಬೇರೆ, ಹೀಗೆ ಫೋಟೊ ತೆಗೆದು ಸಿಲ್ವೆಸ್ಟರನಿಗೂ ಕಳಿಸಿದಳು.

ಅದು ಬಂದ ಮಾರನೆಯ ದಿನ, ಶುಕ್ರವಾರ ಪೂಜೆ ಮುಗಿದ ಮೇಲೆ, ನಾನು ಅವನ ಮನೆಯಲ್ಲಿದ್ದೆ. ವಾಯೊಲೆಟ್ ಒಳಗೆ ಇಡ್ಲಿಯಂಥ ಸನ್ನ ಬೇಯಿಸುತ್ತಿದ್ದಳು. ಗೋಡೆಯ ಮೇಲೆ ಚೌಕಟ್ಟು ಇತ್ತು, ಅದರ ಮೂಲೆಯಲ್ಲಿ ತಿದ್ದುಪಡಿಯ ಎರಡು ಸಾಲನ್ನು ಕತ್ತರಿಸಿ ಅಂಟಿಸಿದ್ದ. ಅವನಿಗೆ ಫೋನ್ ಬಂತು. ಮೇಡಂ. ವರ್ಷದಿಂದ ಅವರಾಗಿ ಫೋನ್ ಮಾಡಿರಲಿಲ್ಲ. ಅವನು ಸ್ಪೀಕರ್ ಹಾಕಿದ.

"ಫೋಟೊ ಬಂತಾ?"

"ಬಂತು ಮೇಡಂ."

"ಅನಿಷಾ ಎಲ್ಲ ಓದಿ ಹೇಳಿದ್ಳು. ಇಂಗ್ಲಿಷಲ್ಲಿ, ಮಿಲಿಮೀಟರಲ್ಲಿ. ಅದ್ರಲ್ಲಿ ನಂಗೆ ಪತಂಗ ಕಾಣ್ಲಿಲ್ಲ. ನೀನು ಹೇಳು."

ಸಿಲ್ವೆಸ್ಟರ್ ತಾನು ನನಗೆ ಕಳಿಸಿದ್ದ ಫೋಟೊವನ್ನು ನನ್ನ ಫೋನಿನಲ್ಲಿ ತೆರೆಸಿ, ಅಡುಗೆಮನೆಯ ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡ.

"ಗಂಡಿಗಿಂತ ದೊಡ್ಡದು. ನನ್ನ ಅಂಗೈಯಷ್ಟು ಇರ್ಬಹುದು. ಬಣ್ಣ ಬೂದಿ."

"ಯಾವ ಬೂದಿ?"

"ಒಲೆಯ ಬೂದಿ ಅಲ್ಲ. ತೆಂಗಿನ ಗರಿ ಸುಟ್ಟದ್ದು ಮಳೆಗೆ ನೆನೆದ ಹಾಗೆ. ಅದ್ರ ಮೇಲೆ ಕಪ್ಪು ಗೆರೆ, ಬೀಸುಬಲೆ ಹಾಗೆ. ಬುಡದಲ್ಲಿ ಒತ್ತೊತ್ತು, ತುದಿಗೆ ಹೋಗ್ತಾ ಬಲೆಯ ಕಣ್ಣು ದೊಡ್ಡದು."

"ಗಂಡಿಗೆ ತುದಿಯಲ್ಲೂ ಒತ್ತೊತ್ತು ಇತ್ತಲ್ವಾ?"

"ಹೌದು ಮೇಡಂ. ಇದಕ್ಕೆ ಇಲ್ಲ."

"ಮೀಸೆ?"

"ಬರೀ ನೂಲು. ಬಾಚಣಿಗೆ ಇಲ್ಲ."

"ಹೊಟ್ಟೆ?"

"ದಪ್ಪ. ಉದ್ದ. ರೆಕ್ಕೆಯಿಂದ ಹೊರಗೆ ಬಂದಿದೆ. ಮೊಟ್ಟೆ ಉಂಟು ಕಾಣ್ತದೆ."

ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು. ಅವನು ಅರ್ಧ ಗಂಟೆ ವಿವರಿಸಿದ. ಅವನಿಗೆ ಶಬ್ದ ಸಿಗದಲ್ಲಿ ಅವರು ಪ್ರಶ್ನೆ ಕೇಳಿ ಎಳೆದರು. ಎರಡು ಕಡೆ ಅವನು ತಪ್ಪು ಹೇಳಿ, ಫೋಟೊ ಹಿಗ್ಗಿಸಿ ನೋಡಿ, ತಾನೇ ತಿದ್ದಿಕೊಂಡ. ವಾಯೊಲೆಟ್ ಸನ್ನದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಸಾಕು," ಎಂದರು ಮೇಡಂ ಕೊನೆಗೆ. "ನಾನು ನೋಡಿದ್ರೆ ಅರ್ಧ ನಿಮಿಷ ಸಾಕಿತ್ತು." ಅದರಲ್ಲಿ ಕೊಂಕು ಇರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರು. ಆಮೇಲೆ, "ಚೀಟಿ ಓದು," ಎಂದರು.

ಅವನು ಮುಂದಿನ ಫೋಟೊ ತೆರೆದ. "ಕಾಂಗೋ," ಎಂದು ಓದಿದ. "ಸಂಗಾ ಜಿಲ್ಲೆ." ಅಲ್ಲಿಗೆ ನಿಲ್ಲಿಸಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಓದು ಸಿಲ್ವೆಸ್ಟರ್," ಎಂದರು ಮೇಡಂ.

ನಾನು ಫೋಟೊ ಇದ್ದ ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. ಎಂದೂ ನೋಡದ ಆ ಹೆಂಗಸಿಗೆ ನನ್ನ ಹೆಸರು ಹೇಳಿದೆ, ಅವನು ಹೇಳದೆ ಬಿಟ್ಟ ಹೆಸರು. ಕ್ಯಾನ್ಸಲ್ ಆಗುತ್ತದೆ ಎಂದವಳು ನಾನೇ ಎಂದೂ ಹೇಳಿದೆ. ಆಮೇಲೆ ಮೊದಲಿನಿಂದ ಓದಿದೆ. ದೇಶ, ಜಿಲ್ಲೆ, ನದಿಯ ದಂಡೆ, ಎತ್ತರ, ಮರದ ಹೆಸರು, ದಿನಾಂಕ, ಹಿಡಿದವಳು ಅನಿಷಾ. ಈ ಸಲ ಕೊನೆಯ ಸಾಲಿನವರೆಗೂ ಓದಿದೆ.